ಹಾಸಿಗೆ ಅಂಗಡಿಯ ಎಂಟು ಹಾಡು

ಉಪ್ಪಳ ಪೇಟೆಯಲ್ಲಿ ನನ್ನದೊಂದು ಹಾಸಿಗೆ ಅಂಗಡಿ.
ಹಿಂದಿನ ಕೋಣೆಯಲ್ಲಿ ಬೂರುಗದ ಹತ್ತಿ, ಫೋಮು, ತೆಂಗಿನ ನಾರು
ಸೂರು ಮುಟ್ಟುವಷ್ಟು. ಅಲ್ಲಿ ಕೆಮ್ಮಿದರೆ
ಕೆಮ್ಮು ತಿರುಗಿ ಬರುವುದಿಲ್ಲ.

‘ಪೋಕರಿಚ್ಚಾ, ಇದೇ ಬೇಕು ನನಗೆ’ ಎಂದಳು
ಕ್ರಾಸ್ತರ ರೆನಿಟಾ. ಇಪ್ಪತ್ತು ತುಂಬಿಲ್ಲ.
ಹೆಗಲಿಗೆ ತಂತಿಯೊಂದು ಕಡಿಮೆಯ ಗಿಟಾರು.
ಬಾಡಿಗೆ? ಹಬ್ಬಕ್ಕೆ ಕೊಡುತ್ತಾಳಂತೆ.
ನಿನ್ನ ಹಬ್ಬವೋ ನನ್ನದೋ ಎಂದರೆ ನಕ್ಕಳು.

ಹೆದ್ದಾರಿ ಅಗೆಯುವ ಯಂತ್ರ ಮಲಗಿದ ಮೇಲೆ
ಅವಳಿಗೆ ಬೆಳಗು.
ಜಿಗಿಯುತ್ತಲೇ ಹಾಡಬೇಕು; ನಿಂತರೆ ಶ್ರುತಿ ಇಳಿಯುತ್ತದೆ.
ಚಪ್ಪಲಿ ಬಿಟ್ಟು, ನಾಲ್ಕಿಂಚು ಫೋಮಿನ ಮೇಲೆ
ಏಳು, ಬೀಳು, ಏಳು, ಮತ್ತೆ ಏಳು!
ಪಲ್ಲವಿಗೆ ಕನ್ನಡ, ನಡುವೆ ತುಳುವಿನ ಬೈಗುಳ,
ಉಸಿರು ಸಾಲದ ಕಡೆ ಕೊಂಕಣಿ.
ಒಂದು ಸಾಲು ಮಾತ್ರ ನನ್ನ ಬ್ಯಾರಿ:
ಗಿರಾಕಿ ಜೊತೆ ಚೌಕಾಸಿಗೆ ನಾನಾಡಿದ್ದನ್ನು
ಯಾವಾಗ ಕದ್ದಳೋ.

ಮೂರನೆಯ ಹಾಡಿನೊಳಗೆ ರೈಲು ಕೂಗಿದೆ.
ಅಳಿಸಲಿಲ್ಲ. ‘ಸರಿಯಾದ ಜಾಗದಲ್ಲೇ ಕೂಗಿತು,
ಪಾಪ, ದುಡ್ಡೂ ಕೇಳಲಿಲ್ಲ.’

ಈಚೆ ಮೇಜಿನಲ್ಲಿ ನಾನು ಲೆಕ್ಕ ಬರೆಯುವವ.
ಏಳನೆಯದರ ಹೊತ್ತಿಗೆ
ಕೂಡಿಸುವಲ್ಲಿ ಗುಣಿಸಿದ್ದೆ.

ಎಂಟೂ ಮುಗಿದವು. ಅವಳು ಜಿಗಿದ ಫೋಮಿಗೆ
ಹೂವಿನ ಬಟ್ಟೆ ಹೊಲಿಸಿ ಮಾರಿದೆ,
ಕುಂಬಳೆಯ ಮದುವೆ ಮನೆಗೆ, ಡಬಲ್ಲು.
ವಾರದೊಳಗೆ ಫೋನು:
‘ಇದೆಂಥ ಹಾಸಿಗೆ ಮಾರಾಯರೇ,
ಮಲಗಿದರೆ ಕಾಲು ಸುಮ್ಮನಿರುವುದಿಲ್ಲ!’

ಮಾಲು ವಾಪಸು ತನ್ನಿ, ಬದಲಿಸಿ ಕೊಡುವೆ ಎಂದೆ.
ಇನ್ನೂ ತಂದಿಲ್ಲ.
ಇವಳು ಬಾಡಿಗೆಯನ್ನೂ.