ಕರಿ ನೂಲು

ನಮ್ಮಪ್ಪ ಗಾದಿ ಹೊಲಿಯುವವ.
ಹಳೇ ಗಾದಿ ಬಿಚ್ಚುವ ಮೊದಲು ಅಂಗೈಯೂರಿ ಒತ್ತಿ
ಮನೆಯಾಕೆಯನ್ನು ಕೇಳುತ್ತಿದ್ದ:
"ಈ ಮಗ್ಗಲಾಗ ಮಲಗೋರು ಯಾರವ್ವಾ?
ಅವ್ರಿಗೆ ನಿದ್ದಿ ಹತ್ತವಲ್ದು."
ಹತ್ತಿ ಗಂಟು ಕಟ್ಟಿದ ಜಾಗ ಅವನ ಕೈಗೆ ಗೊತ್ತು.

ಸೀಬ್ ಸೂಕಿನ ಹಿಂದೆ ಆರು ಮಂದಿಯ ಖೋಲಿ,
ಬಂಕಿನ ಮೇಲಿನ ಹಾಸಿಗೆ ನನ್ನದು.
ಸ್ಪಂಜು. ಎಷ್ಟು ಹೊರಳಿದರೂ
ಬೆಳಗಾಗುವುದರೊಳಗೆ ಮತ್ತೆ ಸಪಾಟು.
ಸ್ಪಂಜು ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ.

ಹತ್ತೊಂಬತ್ತು ವರ್ಷದಿಂದ ಅಬಾಯಾ ಹೊಲಿಯುತ್ತೇನೆ,
ಕರಿಯ ಮೇಲೆ ಕರಿ ಕಸೂತಿ.
ನೋಡುವವರಿಗೆ ಒಂದೇ ಕಪ್ಪು. ನನಗೆ ಏಳು:
ಕಾಡಿಗೆ, ಇದ್ದಲಿ, ಎರೆಮಣ್ಣು, ಎಳ್ಳು,
ಮಸಿ ಹಿಡಿದ ಬೋಗುಣಿ,
ನೇರಳೆ ಕಡೆ ವಾಲಿದ್ದೊಂದು, ಹೆಸರಿಲ್ಲದ್ದೊಂದು.
ಹೋದ ರಮಜಾನಿನ ಹೊತ್ತಿಗೆ
ಎಲ್ಲವೂ ಕೂಡಿ ಒಂದಾದವು.

ದುಃಖವಾಗಿದ್ದರೆ ಹೇಳಬಹುದಿತ್ತು. ಯಾರೂ ಸತ್ತಿರಲಿಲ್ಲ,
ಪಗಾರ ಬರುತ್ತಿತ್ತು.
ಪಿಯುಸಿ ಪಾಸಾದೆ ಅಂತ ಮಗಳು ಫೋನು ಮಾಡಿದಾಗ
"ಚಲೋ ಆತು" ಅಂದೆ, ಇಟ್ಟೆ.
ಆ ಎರಡು ಮಾತನ್ನೇ ರಾತ್ರಿಯೆಲ್ಲ ತಡಕಿದೆ,
ಅದರೊಳಗೆ ನಾನಿದ್ದೆನೇ ಎಂದು.

"ಬ್ಯಾಸರ" ಅಂದೆ ಖೋಲಿಯವರಿಗೆ.
ನಮ್ಮ ಕಡೆ ಆ ಮಾತಿಗೆ ಕೆಲಸ ಬಹಳ.
ಸಾರು ಸಪ್ಪಗಾದರೂ ಬ್ಯಾಸರ, ಬಸ್ಸು ತಪ್ಪಿದರೂ ಬ್ಯಾಸರ.
ಯಾರೂ ತಿರುಗಿ ನೋಡಲಿಲ್ಲ.

ಗ್ಯಾಸಿನ ಗುಳಿಗೆ ಆಯಿತು. ವಿಟಮಿನ್ ವಾರಕ್ಕೊಂದು.
ರಕ್ತ ಕೊಟ್ಟೆ, ಥೈರಾಯ್ಡು ನೆಟ್ಟಗಿತ್ತು.
ಸಲಾಲಾದಿಂದ ಯಾರೋ ತಂದ ಲೋಬಾನದ ಹೊಗೆ ಹಾಕಿದರು, ಕೆಮ್ಮಿದೆ.
ಊರಿಗೆ ಹೋಗಿ ಬಾ ಎಂದರು. ಹೋದೆ.
ಮೂವತ್ತು ಕಿಲೋ ಸಾಮಾನಿನ ಜೊತೆ ಅದೂ ಬಂತು,
ತಕ್ಕಡಿಗೆ ಹತ್ತದೆ.
ಅದರ ಜೊತೆಗೇ ತಿರುಗಿ ಬಂದೆ.

ಕಂಡುಹಿಡಿದವನು ಮೀನಿನ ಗಾಡಿ ಓಡಿಸುವ ಬಸ್ರೂರಿನ ಇಗ್ನೇಶಿಯಸ್.
"ಮೂರ್ ತಿಂಗಳಾಯ್ತ್, ನನ್ನ ಸಾರಿಗೆ ಉಪ್ಪ್ ಕಮ್ಮಿ ಅಂದೇಳಿ
ನೀ ಬೈಲಿಲ್ಲ.
ನಮ್ಮ್ ಅಕ್ಕಂಗೂ ಹೀಂಗೇ ಆಯಿತ್ತ್.
ಇದ್ ಕಾಯ್ಲಿ ಮಾರಾಯ. ಮದ್ದ್ ಇತ್ತ್."

ಅವನೇ ಕರೆದೊಯ್ದ. ಸುಡಾನಿನ ಡಾಕ್ಟರಮ್ಮ, ಹೆಸರು ಇಬ್ತಿಹಾಲ್.
ಒಂಬತ್ತು ಪ್ರಶ್ನೆ; ನರ್ಸು ಹಿಂದಿಗೆ ತಿರುಗಿಸುತ್ತಿದ್ದಳು.
ಕೊನೆಯದಕ್ಕೆ ದನಿ ತಗ್ಗಿಸಿದಳು.
ನಾನೂ ತಗ್ಗಿಸಿಯೇ ನಿಜ ಹೇಳಿದೆ.
ಯಾರೂ ಬೆಚ್ಚಲಿಲ್ಲ.
ಡಾಕ್ಟರು ಪೆನ್ನು ಕೆಳಗಿಟ್ಟು
ನನ್ನ ಕಡೆ ನೀರಿನ ಲೋಟ ಸರಿಸಿದರು.

ಮೊದಲ ಗುಳಿಗೆಗೆ ಬಾಯಿ ಒಣಗಿತು, ಕೈ ನಡುಗಿ
ಸೂಜಿಗೆ ದಾರ ಏರಲೊಲ್ಲದು. ಹೇಳದೆ ಬಿಟ್ಟುಬಿಟ್ಟೆ.
ಬೈಗುಳ ತಿನ್ನಲು ತಯಾರಾಗಿ ಹೋದರೆ
"ಇದು ನಿನಗಲ್ಲ, ಬೇರೆ ನೋಡೋಣ.
ಇನ್ನು ಬಿಡುವ ಮೊದಲು ನನಗೆ ಹೇಳು" ಎಂದರು, ಅಷ್ಟೇ.
ಎರಡನೆಯದು ಅರ್ಧ, ಆಮೇಲೆ ಪೂರ್ತಿ.
ಗುಂಡಿ ಡಬ್ಬಿಯೊಳಗೆ ಅಡಗಿಸಿಟ್ಟಿದ್ದೇನೆ,
ವೀಸಾದ ಭಯ ಇನ್ನೂ ಹೋಗಿಲ್ಲ.

ಮಂಗಳವಾರ ರಾತ್ರಿ ಫೋನಿನಲ್ಲಿ ಧಾರವಾಡದ ಒಬ್ಬಾಕೆ.
ಖೋಲಿಯಲ್ಲಿ ಹತ್ತು ಕಿವಿ, ಹಾಗಾಗಿ
ಇಗ್ನೇಶಿಯಸನ ಗಾಡಿಯ ಕ್ಯಾಬಿನ್ನಿನಲ್ಲಿ ಕೂರುತ್ತೇನೆ,
ಹಿಂದೆ ಮಂಜುಗಡ್ಡೆ ಕರಗಿ ತೊಟ್ಟಿಕ್ಕುತ್ತಿರುತ್ತದೆ.
"ಬ್ಯಾಸರ ಅಂದ್ರ, ದಾವಲಸಾಬ, ಯಾವ ಬ್ಯಾಸರ?"
ಎಂದಳು ಆಕೆ ಮೊದಲ ದಿನ.
ಉತ್ತರಕ್ಕೆ ಮೂರು ಮಂಗಳವಾರ ಹಿಡಿಯಿತು.

ನಿದ್ದೆ ಈಗಲೂ ಕೆಲವು ದಿನ ಮೂರಕ್ಕೇ ಹರಿಯುತ್ತದೆ.
ಆದರೆ ನಿನ್ನೆ ಅಂಗಡಿಯ ಹುಡುಗ
ನೂಲಿನ ಕೋನು ತಂದು ಮಷಿನ್ನಿಗೇರಿಸಿದ.
"ಇದಲ್ಲೋ! ಇದು ಇದ್ದಲಿ. ನಾ ಕೇಳಿದ್ದು ಎಳ್ಳು."
"ಎರಡೂ ಕರಿಯೇ ಅಲ್ವಾ ಉಸ್ತಾದ್?"

ಸಿಟ್ಟು ಬಂತು. ಎಷ್ಟು ಬಂತೆಂದರೆ
ಅರಬಾಬ್ ಒಳಗಿನಿಂದ ಇಣುಕಿ ನೋಡಿದ.
ಹುಡುಗ ಓಡಿದ ಕೋನು ಬದಲಿಸಲು.
ನಾನು ಬರಿ ಸೂಜಿಯ ಮುಂದೆ ಕೂತಿದ್ದೆ,
ಹೊಟ್ಟೆ ಹಸಿದಿತ್ತು.