ಎರಡನೇ ಪ್ಯಾರಾ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಅಬ್ಬ ನನ್ನ ಕೆನ್ನೆಗೆ ಬಾರಿಸಿದ್ದು,
ಪ್ರಬಂಧದ ಎರಡನೇ ಪ್ಯಾರಾ ಅದೇ.
ತಿದ್ದಿ ತಿದ್ದಿ ನುಣುಪಾಗಿತ್ತು:
ಬುಟ್ಟಿ ಮಗುಚಿ ಚೆಲ್ಲಿದ ಗೂಡು,
ಹರಾಜಿನ ಕೂಗು, ಕಿವಿಯೊಳಗೆ ಗುಂಯ್ ಅಂದದ್ದು.

ಶಂಷಾದ್ ಆಪಾಗೆ ಓದಿ ಹೇಳಿದೆ.
ಬೇಸಿನ್ನಿನ ಕುದಿನೀರಲ್ಲಿ ಅವಳ ಬೆರಳು
ಎಳೆಯ ತುದಿ ಹುಡುಕುತ್ತಲೇ ಇತ್ತು.
"ಚೆನ್ನಾಗೈತೆ. ಆದ್ರೆ ಆ ಏಟು ನಂದು.
ನೀನು ಬಾಗಿಲ ಹತ್ರ ಕಡ್ಲೆಕಾಯಿ ತಿಂತಿದ್ದೆ."
(ಅಂದದ್ದು ನಮ್ಮ ಮನೆಯ ಉರ್ದುವಿನಲ್ಲಿ.
ಕನ್ನಡ ನಾನು ಮಾಡಿದ್ದು.)

ಅಲ್ಲ ಅನ್ನಲು ಕೆನ್ನೆ ಮುಟ್ಟಿಕೊಂಡೆ.
ಮೂವತ್ತು ವರ್ಷದ ಮೇಲೂ ಉರಿ ಇದೆ.
ಸಾಕ್ಷಿಗೆ ಅಬ್ಬ ಇಲ್ಲ.

ರಾತ್ರಿ ಕೂತೆ.
'ನನ್ನ' ಹೊಡೆದುಹಾಕಿ 'ಆಪಾಳ' ಅಂದರೆ
ಮುಂದಿನ ನಾಲ್ಕು ಪುಟ ಕುಸಿಯುತ್ತವೆ:
ನಾನು ಮೂಕನಂತಾದದ್ದು,
ಅಬ್ಬನ ಕಣ್ಣು ತಪ್ಪಿಸಿ ನಡೆದದ್ದು,
ಎಲ್ಲಕ್ಕೂ ಆ ಏಟನ್ನೇ ಹೊಣೆ ಮಾಡಿದ್ದೆ.
ಹಾಗೇ ಬಿಟ್ಟರೆ ಯಾರಿಗೆ ಗೊತ್ತಾಗುತ್ತೆ?
ಅವಳೊಬ್ಬಳಿಗೆ.
ಅವಳು ಬಸ್ಸಿನ ಬೋರ್ಡು ಬಿಟ್ಟು ಬೇರೇನೂ ಓದುವುದಿಲ್ಲ.

ಕಡ್ಲೆಕಾಯಿ ಅಂದಳಲ್ಲ,
ಬಾಯಿಗೆ ಬಂತು ಒಂದು ಕಹಿ ಬೀಜ.
ಉಗುಳಲು ಧೈರ್ಯವಾಗದೆ ನುಂಗಿದ್ದು.
ಅಬ್ಬನ ಬೆನ್ನು. ಅದರಾಚೆ
ಪುಟ್ಟ ಹುಡುಗಿಯೊಬ್ಬಳು ಅಳದೆ
ನೆಲದ ಮೇಲಿನ ಗೂಡು ಆರಿಸುತ್ತಿದ್ದದ್ದು,
ಒಂದೊಂದೇ, ಊದಿ ಊದಿ.

ಹಾಳೆ ಹರಿದು ಅಲ್ಲಿಂದ ಬರೆದೆ.
ಉರಿಯನ್ನು ಎಲ್ಲಿಡುವುದೋ ಇನ್ನೂ ತಿಳಿದಿಲ್ಲ.
ಬೆಳಗ್ಗೆ ಅವಳನ್ನು ಕೇಳಬೇಕು:
ಎಡಗೆನ್ನೆಯೋ, ಬಲಗೆನ್ನೆಯೋ?