ಐವತ್ತೆರಡು ಪೌಂಡು

ತುಮಕೂರು ಸ್ಟೇಡಿಯಮ್ಮಿನ ಮೆಟ್ಟಿಲ ಕೆಳಗೆ ನನ್ನ ಮೆಷಿನ್ನು.
ಅಪ್ಪ ಚಿಕ್ಕಪೇಟೆಯಲ್ಲಿ ನವಾರದ ಮಂಚ ಹೆಣೆದವನು,
ನನ್ನದು ರ‍್ಯಾಕೆಟ್ಟು. ಎರಡಕ್ಕೂ ಒಂದೇ ಲೆಕ್ಕ:
ಬಿಗಿ ಮಿಕ್ಕರೆ ಚೌಕಟ್ಟು ಹೋಯಿತು,
ಸಡಿಲಾದರೆ ಬೆನ್ನು.

ಅವಳು ಬಂದದ್ದು ಹಂಗೆರಿಯಿಂದ. ಬೊಗ್ಲಾರ್ಕಾ.
ನಮ್ಮ ನಾಲಿಗೆಗೆ ದಕ್ಕಿದಷ್ಟು, ಬೋಗಿ ಅಂದೆವು. ನಕ್ಕಳು,
ಅಮ್ಮನೂ ಹಾಗೇ ಕರೆಯುವುದಂತೆ.
ಹೋದ ವಾರ ಟ್ಯುನಿಷಿಯ, ಬರುವ ವಾರ ಇನ್ನೆಲ್ಲೋ,
ಎಂಜಿನ್ನು ಎಲ್ಲಿದೆಯೋ ಬೋಗಿಗೇ ಗೊತ್ತಿಲ್ಲ.

ಇಪ್ಪತ್ತೊಂಬತ್ತು ವಯಸ್ಸು. ರ‍್ಯಾಂಕು ಆರುನೂರ ಹನ್ನೊಂದು.
ಒಂದು ಕಾಲಕ್ಕೆ ನೂರಾ ನಲವತ್ತು. ಅದನ್ನವಳು
ಬಿಟ್ಟು ಬಂದ ಊರಿನ ಹೆಸರಿನಂತೆ ಹೇಳಿದಳು.
ಮೊಣಕೈಗೆ ಪಟ್ಟಿ. ಸಂಜೆಗೆ ತಟ್ಟೆ ಇಡ್ಲಿ,
ಚಟ್ನಿ ಬೇಡ, ಸಕ್ಕರೆ.

ಎರಡನೇ ಸುತ್ತು, ಮೂರನೇ ಸೆಟ್ಟು.
ದೇವರಾಯನದುರ್ಗದ ಕಡೆಯಿಂದ ಗಾಳಿ.
ಚೆಂಡು ಮೇಲೆಸೆದಳಂತೆ, ಹಿಡಿದಳಂತೆ, ಮತ್ತೆಸೆದಳಂತೆ.
ಎದುರಿನ ಹುಡುಗಿಗೆ ಹದಿನೇಳು,
ಸೋಲಿನ ಲೆಕ್ಕ ಇನ್ನೂ ಇಟ್ಟವಳಲ್ಲ.
ನಾನು ನೋಡಲಿಲ್ಲ, ಕೇಳಿದೆ.
ಮೆಟ್ಟಿಲ ಕೆಳಗೆ ಕೂತವನಿಗೆ ತಂತಿಯ ಸದ್ದೇ ಸ್ಕೋರು.

ಮುಗಿದ ಮೇಲೆ ಬಂದು ಮೂರೂ ರ‍್ಯಾಕೆಟ್ಟು ಮೇಜಿನ ಮೇಲಿಟ್ಟಳು.
ಹೊಸ ತಂತಿಯಾ? ಐವತ್ತೆರಡೇನಾ?
ತಲೆಯಾಡಿಸಿ, ಎರಡು ಬೆರಳಲ್ಲಿ
ಕತ್ತರಿಯಾಡಿಸಿ ತೋರಿಸಿದಳು.

ನಡುವಿನಿಂದ ಶುರು ಮಾಡಬೇಕು, ಅಂಚಿನಿಂದಲ್ಲ,
ಇಲ್ಲದಿದ್ದರೆ ಚೌಕಟ್ಟು ಸೊಟ್ಟಗಾಗುತ್ತೆ.
ಟಪ್. ಟಪ್.
ಉಸಿರು ಬಿಟ್ಟಂತೆ ಒಂದೊಂದೇ.

ದುಡ್ಡು ಬೇಡವೆಂದೆ. ಎಣಿಸಿಯೇ ಕೊಟ್ಟಳು.
ಆಮೇಲೆ ಖಾಲಿ ಚೌಕಟ್ಟಿನೊಳಗೆ ಕೈ ತೂರಿಸಿ
ನನ್ನ ಕೈ ಕುಲುಕಿದಳು,
ನೆಟ್ಟಿನಾಚೆ ಗೆದ್ದವರ ಕೈ ಕುಲುಕುವ ಹಾಗೆ.